ಮುಂಬಯಿಯಿಂದ ಪುಣೆಯ ಗೆಳೆಯರ ಮನೆಗೆ: ಎರಡು ದಿನದ ಕಾರು ಪ್ರಯಾಣಕ್ಕೆ ಸಿದ್ಧತೆ

ಚೆಂಬೂರಿನಲ್ಲೋ ಡೊಂಬಿವಲಿಯಲ್ಲೋ ಹತ್ತಾರು ವರ್ಷ ನೆರೆಯಲ್ಲಿದ್ದ ಕನ್ನಡದ ಕುಟುಂಬವೊಂದು ಉದ್ಯೋಗದ ನಿಮಿತ್ತ ಪುಣೆಗೆ ಹೋಗಿ ನೆಲೆಸಿದರೆ, "ಒಂದು ಶನಿವಾರ ಎಲ್ಲರೂ ಬಂದು ಹೋಗಿ" ಎಂಬ ಕರೆ ಬಂದೇ ಬರುತ್ತದೆ. ಹೊರಡುವವರು ಸಾಮಾನ್ಯವಾಗಿ ಅಲ್ಲಿ ಏನೇನು ನೋಡಬೇಕು ಎಂದು ಮೊದಲು ಯೋಚಿಸುತ್ತಾರೆ. ನನ್ನ ಅನುಭವದಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ದಾರಿಯಲ್ಲಿ ಸಿಗುವ ಖಂಡಾಲ ಘಟ್ಟವನ್ನು ಯಾವ ಹೊತ್ತಿಗೆ ಏರುವುದು, ಯಾವ ಹೊತ್ತಿಗೆ ಇಳಿಯುವುದು ಎಂಬುದನ್ನು; ಏಕೆಂದರೆ ಕೈಯಲ್ಲಿರುವುದು ಎರಡೇ ದಿನ, ಮತ್ತು ರಸ್ತೆಯಲ್ಲಿ ಕಳೆದುಹೋಗುವ ಪ್ರತಿಯೊಂದು ಗಂಟೆಯೂ ಗೆಳೆಯರ ಜೊತೆ ಕೂರಬೇಕಾಗಿದ್ದ ಗಂಟೆ.

ಮುಂಬಯಿ ಕಡೆಯ ಕಳಂಬೋಲಿಯಿಂದ ಪುಣೆ ಕಡೆಯ ಕಿವಳೆಯವರೆಗಿನ ಎಕ್ಸ್‌ಪ್ರೆಸ್‌ವೇಯ ಉದ್ದ 94.5 ಕಿ.ಮೀ. ಮಾತ್ರ. ಆದರೆ ಶನಿವಾರ ಬೆಳಗಿನಲ್ಲಿ ಲೋಣಾವಳದ ಕಡೆಗೆ ಹೊರಟ ಕಾರುಗಳೂ ಭಾರ ಹೊತ್ತು ತೆವಳುವ ಲಾರಿಗಳೂ ಘಟ್ಟದ ಬುಡದಲ್ಲಿ ಒಟ್ಟಾಗುತ್ತವೆ. ಮೊದಲ ಸಲ ಒಂಬತ್ತು ಗಂಟೆಗೆ ಮನೆ ಬಿಟ್ಟ ನಾವು ಘಟ್ಟದಲ್ಲಿಯೇ ಎರಡು ಗಂಟೆ ನಿಂತೆವು. ನಮಗಾಗಿ ಬೇಗನೆ ಎದ್ದು ಅಡುಗೆ ಮಾಡಿದ್ದ ಗೆಳತಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ಗಂಟೆ ಮೂರೂವರೆಯಾಗಿತ್ತು. ಆ ಸಂಕೋಚ ಇನ್ನೂ ಮರೆತಿಲ್ಲ. ಬೆಳಗ್ಗೆ ಐದಕ್ಕೆ ಮೊದಲೇ ಹೊರಟರೆ ಸಂದಣಿ ಸೇರುವ ಮೊದಲು ಘಟ್ಟ ಏರಿ, ತಿಂಡಿಯ ಹೊತ್ತಿಗೆ ಪುಣೆಯಲ್ಲಿರಬಹುದು. ದಕ್ಷಿಣ ಮುಂಬಯಿಯವರಿಗೆ 2024ರ ಜನವರಿಯಲ್ಲಿ ಉದ್ಘಾಟನೆಯಾದ, ಶಿವಡಿಯಿಂದ ಆರಂಭವಾಗಿ ಸಮುದ್ರದ ಮೇಲೆ ನವಿ ಮುಂಬಯಿಯ ಕಡೆಗೆ ದಾಟಿಸುವ 21.8 ಕಿ.ಮೀ. ಉದ್ದದ ಅಟಲ್ ಸೇತುವೆ ಅನುಕೂಲ. ಸೇತುವೆಯ ಮೇಲಾಗಲಿ ಎಕ್ಸ್‌ಪ್ರೆಸ್‌ವೇಯ ಮೇಲಾಗಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ.

ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಟಯರು. ನಗರದ ನಿಧಾನ ಓಡಾಟದಲ್ಲಿ ತೊಂದರೆ ಕೊಡದ ಟಯರು, ಕಾಂಕ್ರೀಟು ರಸ್ತೆಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿದಾಗ ಬಿಸಿಯಾಗುತ್ತದೆ. ಗಾಳಿ ಕಡಿಮೆಯಿದ್ದರಂತೂ ಅದರ ಪಕ್ಕಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಇನ್ನಷ್ಟು ಕಾದು ಸಿಡಿಯುವ ಅಪಾಯವಿರುತ್ತದೆ. ಆದ್ದರಿಂದ ಹೊರಡುವ ಹಿಂದಿನ ದಿನ, ಟಯರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ತಿಳಿಸಿದಷ್ಟು ಗಾಳಿ ತುಂಬಿಸಬೇಕು, ಸ್ಟೆಪ್ನಿಯನ್ನು ಮರೆಯಬಾರದು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ: 3221 ಎಂದಿದ್ದರೆ ಅದು 2021ರ 32ನೆಯ ವಾರದ್ದು. ಟಯರಿನ ಮೇಲ್ಮೈಯ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದಿದ್ದರೆ ಟಯರು ಬದಲಿಸದೆ ಹೊರಡಲೇಬಾರದು. ಫಾಸ್ಟ್ಯಾಗ್‌ನಲ್ಲಿರುವ ಹಣವನ್ನೂ ವಿಮೆ ಮತ್ತು ಹೊಗೆ ತಪಾಸಣೆಯ (ಪಿಯುಸಿ) ಪತ್ರಗಳನ್ನೂ ಹಿಂದಿನ ರಾತ್ರಿಯೇ ನೋಡಿಕೊಂಡರೆ ಸಾಕು.

ರಸ್ತೆಯಲ್ಲಿ ಬಲತುದಿಯ ಲೇನು ಮುಂದಿನ ವಾಹನವನ್ನು ದಾಟುವುದಕ್ಕಷ್ಟೇ. ಬಯಲಿಗೂ ಘಟ್ಟಕ್ಕೂ ವೇಗಮಿತಿ ಬೇರೆ ಬೇರೆ. ಫಲಕಗಳನ್ನು ಗಮನಿಸಿ, ಏಕೆಂದರೆ ಕ್ಯಾಮೆರಾಗಳು ಗಮನಿಸುತ್ತಿರುತ್ತವೆ. ಮರಳುವಾಗ ಘಟ್ಟ ಇಳಿಯುವಲ್ಲಿ ಎಂದೂ ನ್ಯೂಟ್ರಲ್‌ಗೆ ಹಾಕಬಾರದು. ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನ ಹಿಡಿತದಿಂದಲೇ ವೇಗ ತಗ್ಗಿಸಿದರೆ ಬ್ರೇಕುಗಳು ಕಾದು ಬಲ ಕಳೆದುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಮಂಜು ಕವಿದಾಗ ದೀಪ ತಗ್ಗಿಸಿ, ಅಂತರ ಹೆಚ್ಚಿಸಿ. ಚಿತ್ರ ತೆಗೆಯಲೆಂದು ಅಂಚಿನಲ್ಲಿ ನಿಲ್ಲಿಸುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ; ಚಹಾ ಮತ್ತು ವಿಶ್ರಾಂತಿಗೆ ಖಾಲಾಪುರದ ಫುಡ್ ಮಾಲ್ ಇದೆ.

ಹೊಸಬರು ದಾರಿ ತಪ್ಪುವುದು ಎಕ್ಸ್‌ಪ್ರೆಸ್‌ವೇ ಮುಗಿದ ಮೇಲೆ. ಗೆಳೆಯರ ಮನೆ ಚಿಂಚವಾಡ, ಪಿಂಪ್ರಿಯ ಕಡೆಯಿದ್ದರೆ ನಿಗಡಿಯ ಮೂಲಕ ಹಳೆಯ ಹೆದ್ದಾರಿ ಹಿಡಿಯಬೇಕು. ವಾಕಡ, ಬಾಣೇರ, ಕೋಥರೂಡಗಳಿಗಾದರೆ ಬೆಂಗಳೂರಿನತ್ತ ಸಾಗುವ ಬೈಪಾಸ್, ಅಂದರೆ ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿಗೆ ಹೋಗುವ ನಮ್ಮೂರ ದಾರಿಯೇ. ಕಾರು ನಿಲ್ಲಿಸುವ ಜಾಗವನ್ನು ಮೊದಲೇ ಕೇಳಿ, ಗಾಡಿಯ ನಂಬರನ್ನು ಕಳುಹಿಸಿದರೆ ಸೊಸೈಟಿಯ ಬಾಗಿಲಲ್ಲಿ ಕಾಯಬೇಕಾಗುವುದಿಲ್ಲ.

ಕೈಯಲ್ಲಿ ಒಯ್ಯಲು ದುಬಾರಿ ಉಡುಗೊರೆಗಿಂತ ಮಾಟುಂಗದಲ್ಲಿ ಆಗಷ್ಟೇ ಪುಡಿ ಮಾಡಿಸಿದ ಕಾಫಿ ಮತ್ತು ಒಂದು ಮೊಳ ಮಲ್ಲಿಗೆ ಮೇಲು. ಊರು ಬಿಟ್ಟವರು ಹಂಬಲಿಸುವುದು ಇಂಥದ್ದಕ್ಕೇ. ತಿರುಗಾಟಕ್ಕೆ ಒಂದೇ ಸ್ಥಳ ಸಾಕು: 1732ರಲ್ಲಿ ಕಟ್ಟಿ ಮುಗಿಸಿದ ಪೇಶ್ವೆಗಳ ಅರಮನೆ ಶನಿವಾರವಾಡೆ, ಅಥವಾ ಬೆಳಗ್ಗೆ ಬೇಗ ಹೋಗಿ ಪಿಠಲ ಭಾಕರಿ ತಿಂದು ಬರಬಹುದಾದ ಬೆಟ್ಟದ ಕೋಟೆ ಸಿಂಹಗಡ. ಪೇಟೆಯ ಇಕ್ಕಟ್ಟು ಬೀದಿಗಳಿಗೆ ರಿಕ್ಷಾದಲ್ಲಿ ಹೋಗಿ. ಅಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆ.

ಭಾನುವಾರ ಸಂಜೆ ಮುಂಬಯಿಯತ್ತ ಇಳಿಯುವ ಸಂದಣಿ ಶನಿವಾರದ್ದಕ್ಕಿಂತ ಕಡಿಮೆಯೇನಲ್ಲ. ಎರಡು ಗಂಟೆಗೆ ಹೊರಡುತ್ತೇವೆಂದು ಬರುವ ಮೊದಲೇ ಫೋನಿನಲ್ಲಿ ತಿಳಿಸಿಬಿಡಬೇಕು; ಹಾಗೆ ತಿಳಿಸಿದ್ದರೆ ಹನ್ನೆರಡೂವರೆಗೆ ಎಲೆ ಹಾಕುತ್ತಾರೆ, ಊಟದ ನಂತರ ಒಂದು ಗಂಟೆ ಮಾತಿಗೂ ಉಳಿಯುತ್ತದೆ.