ಮುತ್ಯಾನ ಕಂಬಳಿ ಮತ್ತು ಮೂರು ಆಯಾಮದ ಪಾತ್ರ: ನನ್ನ ಅನುಭವ

ತೊಗರಿ ಹೊಲದ ಬದುವಿನ ಮೇಲೆ ನಿಂತ ಮುದುಕನೊಬ್ಬನ ಮೂರು ಆಯಾಮದ ಪಾತ್ರವನ್ನು ಕಲಬುರಗಿಯ ನನ್ನ ಮನೆಯಲ್ಲಿಯೇ ಬ್ಲೆಂಡರ್ ತಂತ್ರಾಂಶದಲ್ಲಿ ರೂಪಿಸುತ್ತಿದ್ದಾಗ, ಮುಖದ ಸುಕ್ಕು, ಮೀಸೆ, ಕೈಯ ನರಗಳೆಲ್ಲ ಒಂದು ಹದಕ್ಕೆ ಬಂದ ಮೇಲೂ ಬಟ್ಟೆ ಮಾತ್ರ ನಂಬುವಂತಿರಲಿಲ್ಲ. ಉಟ್ಟ ಧೋತರಕ್ಕೂ ಹೆಗಲ ಮೇಲಿನ ಕರಿ ಕಂಬಳಿಗೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಕ್ಕ ಟೆಕ್ಸ್ಚರ್‌ಗಳನ್ನೇ (ಮೇಲ್ಮೈಗೆ ಹೊದಿಸುವ ಚಿತ್ರಗಳನ್ನೇ) ಹಚ್ಚಿದ್ದೆ. ರೆಂಡರ್ (ತಂತ್ರಾಂಶ ಮೂಡಿಸಿಕೊಟ್ಟ ಚಿತ್ರ) ನೋಡಿದ ನಮ್ಮ ಕಾಕಾ, “ಕಂಬಳಿ ಬಾವ್ಯಾಗ ಬಿದ್ದು ಎದ್ದಂಗ ಕಾಣ್ತದಲ್ಲೋ ತಮ್ಮಾ” ಎಂದರು. ಅವರು ಹೇಳಿದ್ದು ನಿಜವಾಗಿತ್ತು. ತೊಯ್ದ ಬಟ್ಟೆಯಂತೆ ಅದು ಹೊಳೆಯುತ್ತಿತ್ತು, ಎಳೆಗಳು ಹಗ್ಗದಷ್ಟು ದಪ್ಪವಾಗಿದ್ದವು.

ಮರುದಿನ ಅಟ್ಟದ ಮೇಲಿದ್ದ ಮುತ್ಯಾನ ಕಂಬಳಿಯನ್ನು ಇಳಿಸಿ, ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಎಳೆ ಎಣಿಸಿದೆ. ಕಂಬಳಿಯಲ್ಲಿ ಇಂಚಿಗೆ ಸುಮಾರು 15 ಎಳೆಗಳಿದ್ದವು, ಧೋತರದಲ್ಲಿ ಸುಮಾರು 60. ಒಂದು ಅಡಿ ಕಂಬಳಿಯನ್ನು 4096 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಹಿಡಿಸಿದರೆ ಎಳೆಯೊಂದಕ್ಕೆ 22 ಪಿಕ್ಸೆಲ್‌ಗೂ ತುಸು ಹೆಚ್ಚು ಸಿಗುತ್ತದೆ. ಅದೇ ಅಳತೆಯಲ್ಲಿ ಧೋತರದ ಎಳೆಗೆ ಐದಾರು ಪಿಕ್ಸೆಲ್ ಮಾತ್ರ ದಕ್ಕಿ ನೇಯ್ಗೆಯೇ ಕಲಸಿಹೋಗುತ್ತದೆ. ಆದ್ದರಿಂದ ಧೋತರದ 3 ಇಂಚಿನ ಭಾಗವನ್ನಷ್ಟೇ ಅದೇ ಗಾತ್ರದ ಚಿತ್ರವಾಗಿ ಮಾಡಿ, ಅದನ್ನು ಮತ್ತೆ ಮತ್ತೆ ಜೋಡಿಸಿ ಇಡೀ ಬಟ್ಟೆಯನ್ನು ತುಂಬಿಸಿದೆ.

ಹಾಸು (ಉದ್ದದ ಎಳೆ) ಮತ್ತು ಹೊಕ್ಕಿನ (ಅಡ್ಡ ಎಳೆಯ) ದಿಕ್ಕು ಇದಕ್ಕಿಂತ ಹೆಚ್ಚು ಕಾಡಿತು. ಧೋತರ ಹೊಲಿಗೆಯಿಲ್ಲದ ಒಂದೇ ಉದ್ದನೆಯ ಬಟ್ಟೆ. ಆದರೆ ತಂತ್ರಾಂಶವು ತಾನಾಗಿಯೇ ಯುವಿ ಬಿಡಿಸಿದಾಗ, ಅಂದರೆ ಟೆಕ್ಸ್ಚರ್ ಹಚ್ಚಲು ಆಕೃತಿಯ ಮೇಲ್ಮೈಯನ್ನು ಚಪ್ಪಟೆಯಾಗಿ ಹರಡಿದಾಗ, ಅದನ್ನು ಹತ್ತಾರು ತುಂಡುಗಳಾಗಿ ಕತ್ತರಿಸಿತ್ತು. ಕಚ್ಚೆಯ ಬಳಿ ಎಳೆಗಳು ದಿಕ್ಕುದಿಕ್ಕಿಗೆ ಓಡುತ್ತಿದ್ದವು. ಮೊದಲು ಮಾಡಿದ ಮೆಶ್ (ಬಟ್ಟೆಯ ಜಾಲರಿ ಆಕೃತಿ) ಬಿಟ್ಟುಕೊಟ್ಟು, ಯುವಿ ಸರಿಯಾಗಿದ್ದ ಒಂದು ಚಪ್ಪಟೆ ಆಯತವನ್ನೇ ಸಿಮ್ಯುಲೇಷನ್‌ನಲ್ಲಿ (ಬಟ್ಟೆ ಬೀಳುವ ರೀತಿಯನ್ನು ಲೆಕ್ಕಹಾಕುವ ಅನುಕರಣೆಯಲ್ಲಿ) ಮೈಗೆ ಸುತ್ತಿಸಿದ ಮೇಲೆ, ಎಷ್ಟು ನಿರಿಗೆ ಬಿದ್ದರೂ ಹಾಸು ಹಾಸಾಗಿಯೇ ಉಳಿಯಿತು.

ಕರಿ ಕಂಬಳಿ ನಿಜಕ್ಕೂ ಕಪ್ಪಲ್ಲ. ಬಣ್ಣ ಹಾಕದ ಕುರಿಯ ಉಣ್ಣೆಯ ಆ ಕಂಬಳಿಯನ್ನು ಬಿಸಿಲಿಗೆ ಹಿಡಿದಾಗ ಕಂದು ಎಳೆಗಳು, ನಡುವೆ ಅಲ್ಲಲ್ಲಿ ಬೂದು ಕೂದಲು ಕಾಣಿಸಿದವು. ಹೀಗಾಗಿ ಶುದ್ಧ ಕಪ್ಪನ್ನು ಬಿಟ್ಟು ಗಾಢ ಕಂದನ್ನು ಮೂಲ ಬಣ್ಣವಾಗಿಟ್ಟೆ. ಫೋಟೋವನ್ನು ನೆರಳಿನಲ್ಲಿ ತೆಗೆದೆ. ಬಿಸಿಲಿನಲ್ಲಿ ತೆಗೆದರೆ ಎಳೆಯ ನೆರಳು ಬಣ್ಣದೊಳಗೇ ಅಚ್ಚಾಗಿಬಿಡುತ್ತದೆ. ಲೋಹದ ಗುಣ ಸೂಚಿಸುವ ಮೆಟಾಲಿಕ್ ಸೊನ್ನೆ, ಒರಟುತನ ಸೂಚಿಸುವ ರಫ್‌ನೆಸ್ (ಕಡಿಮೆಯಾದಷ್ಟೂ ಹೊಳಪು ಹೆಚ್ಚು) 0.9ರ ಆಸುಪಾಸು. ರಫ್‌ನೆಸ್ ಚಿತ್ರವನ್ನು ನಾನ್-ಕಲರ್ (ಬಣ್ಣವಲ್ಲ, ಬರೀ ಅಳತೆಯ ಅಂಕಿ) ಎಂದು ಗುರುತಿಸದೆ ಬಿಟ್ಟಿದ್ದೇ ಮೊದಲಿನ ಒದ್ದೆ ಹೊಳಪಿಗೆ ಮುಖ್ಯ ಕಾರಣವಾಗಿತ್ತು. ಜೊತೆಗೆ ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪ್ ಡೈರೆಕ್ಟ್‌ಎಕ್ಸ್ ಮಾದರಿಯದಾಗಿತ್ತು, ಬ್ಲೆಂಡರ್ ಓಪನ್‌ಜಿಎಲ್ ಮಾದರಿಯನ್ನು ನಿರೀಕ್ಷಿಸುತ್ತದೆ. ಈ ಎರಡರಲ್ಲಿ ಮೇಲೆ-ಕೆಳಗಿನ ದಿಕ್ಕು ತಿರುಗುಮುರುಗು. ಆ ದಿಕ್ಕನ್ನು ಹಿಡಿದಿಡುವ ಹಸಿರು ಚಾನೆಲ್ಲನ್ನು ತಿರುವಿದ ಕೂಡಲೇ ತಗ್ಗಾಗಿ ಕಾಣುತ್ತಿದ್ದ ಎಳೆಗಳು ಉಬ್ಬಿ ನಿಂತವು.

ಉಣ್ಣೆಯ ನವಿರು ಕೂದಲಿನ ಅಂಚಿಗೆ ಓರೆ ಬೆಳಕು ಬಿದ್ದಾಗ ಒಂದು ಮಸುಕು ಹೊಳಪು ಮೂಡುತ್ತದೆ. ಅದಕ್ಕೆ ತಂತ್ರಾಂಶದ ಶೀನ್ ಎಂಬ ಆಯ್ಕೆಯನ್ನು ಬಳಸಿದೆ. ಆದರೆ ಶೀನ್ ಮೇಲ್ಮೈಯನ್ನಷ್ಟೇ ಬೆಳಗಿಸುತ್ತದೆ, ಅಂಚಿನ ಗೆರೆ ನುಣುಪಾಗಿಯೇ ಇರುತ್ತದೆ. ಹೆಗಲಿನ ಮೇಲೆ ಮತ್ತು ಕಂಬಳಿಯ ಅಂಚಿನಲ್ಲಿ ಗಿಡ್ಡ ಕೂದಲನ್ನು ನಿಜವಾಗಿಯೇ ಬೆಳೆಸಬೇಕಾಯಿತು. ಕಂಬಳಿಗೆ ಹುಣಸೆ ಬೀಜದ ಗಂಜಿ ಕೊಡುವ ಪದ್ಧತಿಯಿದೆ, ಅದರಿಂದ ಬಟ್ಟೆ ಬಿರುಸಾಗುತ್ತದೆ. ಮಡಿಕೆಗಳು ಕಡಿಮೆ, ಅಗಲವೂ ಹೆಚ್ಚು. ಸಿಮ್ಯುಲೇಷನ್‌ನಲ್ಲಿ ಬಾಗುವ ಬಿಗಿತವನ್ನು ಹೆಚ್ಚಿಸುವವರೆಗೆ ಅದು ಶಾಲಿನಂತೆ ಜೋಲುತ್ತಿತ್ತು.

ಧೋತರದ ಬಿಳುಪನ್ನು ಸುಮಾರು 0.8ಕ್ಕೆ (ಪೂರ್ತಿ ಬಿಳುಪು 1) ನಿಲ್ಲಿಸಿ, ಒಗೆಯುವಾಗ ಹಾಕುವ ನೀಲಿ ಎಲ್ಲ ಕಡೆ ಸಮನಾಗಿ ಹಿಡಿಯದೆ ಉಳಿಸುವ ತೆಳು ಛಾಯೆಯನ್ನು ಕೈಯಿಂದ ಬಳಿದೆ. ಕೊಳೆಯನ್ನು ಯಾದೃಚ್ಛಿಕ ನಾಯ್ಸ್‌ಗೆ (ತಂತ್ರಾಂಶ ತಾನೇ ಎರಚುವ ಕಲೆಗಳಿಗೆ) ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕುಕ್ಕರಗಾಲಿನಲ್ಲಿ ಕೂರುವವನ ಮೊಣಕಾಲಿನ ಮೇಲೆ ಬಟ್ಟೆ ಸವೆಯುತ್ತದೆ, ಎರೆಮಣ್ಣು ಕೆಳಗಿನ ಅಂಚಿಗೆ ಹತ್ತುತ್ತದೆ, ಕೈ ಒರೆಸಿಕೊಳ್ಳುವ ತೊಡೆಯ ಪಕ್ಕ ಮಾಸುತ್ತದೆ. ಆ ಮೂರು ಜಾಗಗಳಿಗೆ ಮೂರು ಮಾಸ್ಕ್‌ಗಳನ್ನು (ಪರಿಣಾಮ ಎಲ್ಲಿ ಕಾಣಬೇಕೆಂದು ತೋರಿಸುವ ಚಿತ್ರಗಳನ್ನು) ಬೇರೆಬೇರೆಯಾಗಿ ಬಳಿದೆ. ಎರೆಮಣ್ಣು ಹತ್ತಿದಲ್ಲಿ ಬಣ್ಣವನ್ನಷ್ಟೇ ಬದಲಿಸದೆ ಎಳೆಯ ಉಬ್ಬನ್ನೂ ತಗ್ಗಿಸಿದೆ, ಏಕೆಂದರೆ ಮಣ್ಣು ಎಳೆಗಳ ಸಂದಿಯನ್ನು ತುಂಬಿಬಿಡುತ್ತದೆ.