ಅಂಗಳಕ್ಕೆ ಎರಡು ಸಲ ಮಾಡು ಹಾಕಿಸಿದ್ದು

ಅಂಗಳಕ್ಕೆ ಹಾಕಿಸಿದ ಮೊದಲ ಮಾಡು, ಅಂದರೆ ಚಾವಣಿ, ಎರಡೇ ಮಳೆಗಾಲ ಬಾಳಿತು. ಗಾಳಿಗೆ ಹಾರಲಿಲ್ಲ, ಮರ ಬಿದ್ದು ಮುರಿಯಲಿಲ್ಲ; ನಾವೇ ಬಿಚ್ಚಿ ಇಳಿಸಿದೆವು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಅಂಚಿಗೆ. ಹೆಂಚಿನ ಮನೆ, ಪಶ್ಚಿಮಕ್ಕೆ ಬಾಗಿಲು. ಅಜ್ಜನ ಲೆಕ್ಕ ಏನಿತ್ತೋ, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು ಜಗಲಿಯ ಗೋಡೆಯವರೆಗೂ ಬರುತ್ತದೆ, ಜೂನ್‌ನಲ್ಲಿ ಅದೇ ದಾರಿಯಲ್ಲಿ ಎರಚಲು ಬರುತ್ತದೆ. ಹಿಂದೆ ಬೇಸಿಗೆಗೆ ಅಡಿಕೆ ಮರ ಸೀಳಿದ ದಬ್ಬೆಯ ಚಪ್ಪರ, ಮಳೆಗಾಲಕ್ಕೆ ಸೋಗೆಯ (ಅಡಿಕೆ ಗರಿಯ) ತಟ್ಟಿ ಕಟ್ಟುತ್ತಿದ್ದೆವು. ವರ್ಷ ವರ್ಷ ಕಟ್ಟಿ ಬಿಚ್ಚಲು ಈಗ ಆಳುಗಳೂ ಇಲ್ಲ, ನನಗೆ ಸೊಂಟವೂ ಇಲ್ಲ. ಅಂಗಳದಲ್ಲಿ 18 ಅಡಿ ಉದ್ದ, 12 ಅಡಿ ಅಗಲಕ್ಕೆ ಕಾಯಂ ಮಾಡು ಹಾಕಿಸುವುದೆಂದು ತೀರ್ಮಾನವಾಯಿತು.

ಶಿವಮೊಗ್ಗ ಪೇಟೆಯಲ್ಲಿ ನೆಂಟರ ಮನೆಯ ಮುಂದೆ ಪಾಲಿಕಾರ್ಬೊನೇಟ್ ಶೀಟು ನೋಡಿದ್ದೆ. ಒಳಗೆ ಸಣ್ಣ ಸಣ್ಣ ಕೊಳವೆಗಳಿರುವ ಜಾತಿಯದು. ಹಗುರ, ಬೆಳಕೂ ಬರುತ್ತದೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಪೇಟೆಗೆ ಬೀಳುವುದು ಅದರಲ್ಲಿ ಸಣ್ಣದೊಂದು ಪಾಲು. ಅಲ್ಲಿ ಹೊಂದಿದ್ದು ಇಲ್ಲಿಯೂ ಹೊಂದೀತೇ ಎಂದು ಆಗ ಯೋಚಿಸಲಿಲ್ಲ.

ಬಿಸಿಲು ಏರುತ್ತಿದ್ದಂತೆ ಶೀಟು ಟಕ್ ಟಕ್ ಎನ್ನುವುದಕ್ಕೆ ಶುರುವಾಯಿತು. ಬಿಸಿಗೆ ಈ ಪ್ಲಾಸ್ಟಿಕ್ ಹಿಗ್ಗುವುದು ಕಡಿಮೆಯೇನಲ್ಲ. ಬೆಳಗಿನ ಚಳಿಗೂ ನಡುಹಗಲಿನ ಕಾವಿಗೂ 40 ಡಿಗ್ರಿ ವ್ಯತ್ಯಾಸವಾದರೆ 12 ಅಡಿಯ ಶೀಟು ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ತೂತನ್ನು ಸ್ಕ್ರೂಗಿಂತ ದೊಡ್ಡದು ಮಾಡಿ ಅದಕ್ಕೆ ಸರಿಯಲು ಜಾಗ ಬಿಡಬೇಕಿತ್ತು. ಕೆಲಸದವರು ಅಳತೆಗೆ ಸರಿಯಾಗಿ ಕೊರೆದು ಗಟ್ಟಿಯಾಗಿ ಬಿಗಿದಿದ್ದರು. ಒಂದೇ ವರ್ಷದಲ್ಲಿ ಸ್ಕ್ರೂಗಳ ಸುತ್ತ ಕೂದಲೆಳೆಯಂತಹ ಬಿರುಕು. ಇನ್ನೊಂದು ತಪ್ಪು ನನ್ನದೇ. ಹುಳು ಹೋಗದಿರಲಿ ಎಂದು ಕೊಳವೆಗಳ ಎರಡೂ ತುದಿಗೆ ಅಂಟು ಮೆತ್ತಿಸಿದ್ದೆ. ಮೇಲಿನ ತುದಿ ಮುಚ್ಚಬೇಕು, ಕೆಳಗಿನದಕ್ಕೆ ನೀರು ಇಳಿಯುವಂತಹ ಟೇಪು ಹಾಕಬೇಕು ಎನ್ನುವುದು ಆಮೇಲೆ ತಿಳಿಯಿತು. ಒಳಗೆ ಸೇರಿದ ತೇವ ಹೊರಬರಲಾರದೆ ಎರಡನೆಯ ಮಳೆಗಾಲಕ್ಕೆ ಶೀಟಿನ ಹೊಟ್ಟೆಯಲ್ಲೆಲ್ಲ ಹಸಿರು ಪಾಚಿ. ಹೊರಗಿನಿಂದ ಎಷ್ಟು ತಿಕ್ಕಿದರೇನು?

ಇವೆರಡನ್ನೂ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಸೆಕೆ. ಬೆಳಕಿನ ಜೊತೆ ಬಿಸಿಲ ಕಾವೂ ಒಳಗೆ ಬಂದು ಅಲ್ಲೇ ಕೂರುತ್ತಿತ್ತು. "ಅಡಿಕೆ ಒಣಗಿಸುವ ಹಾಗೆ ನಮ್ಮನ್ನೂ ಒಣಗಿಸುತ್ತೀಯೇನೋ?" ಎಂದು ಅಮ್ಮ ತಮ್ಮ ಕುರ್ಚಿಯನ್ನು ಹಿಂದಿನ ಜಗಲಿಗೆ ಸಾಗಿಸಿದರು.

ಎರಡನೆಯ ಸಲ ಅಂಗಡಿಗೆ ಹೋಗುವ ಮೊದಲು ಅಳತೆಪಟ್ಟಿ ಹಿಡಿದೆ. ನನ್ನ ಆಸೆ ಮಂಗಳೂರು ಹೆಂಚಿನ ಮೇಲಿತ್ತು. ನಮ್ಮ ಹವೆಗೆ ಅದಕ್ಕಿಂತ ತಂಪು ಮಾಡು ಇಲ್ಲ. ಸಂದುಗಳಲ್ಲಿ ಗಾಳಿಯಾಡುತ್ತದೆ, ಮಳೆಯ ಸದ್ದೂ ಹಿತ. ಆದರೆ ನಮ್ಮ ಮಳೆಗೆ ಹೆಂಚು ಸೋರಬಾರದೆಂದರೆ 30 ಡಿಗ್ರಿಯಷ್ಟು ಇಳಿಜಾರು ಬೇಕು. 12 ಅಡಿ ಚಾಚುವಷ್ಟರಲ್ಲಿ ಮಾಡು ಸುಮಾರು 7 ಅಡಿ ಇಳಿಯುತ್ತದೆ. ನಮ್ಮ ಸೂರಿನ ಎತ್ತರ ಎಂಟೂವರೆ ಅಡಿ. ಉಳಿದ ಒಂದೂವರೆ ಅಡಿಯಲ್ಲಿ ನಾಯಿ ನುಗ್ಗೀತು, ನೆಂಟರು ನುಗ್ಗಲಾರರು. ಮಂಗಗಳ ಮಾತು ಬೇರೆ. ಮನೆಯ ಹೆಂಚು ಬದಲಾಯಿಸಿಯೇ ಸಾಕಾಗಿದೆ. ಸಿಮೆಂಟ್ ಶೀಟು ಅಗ್ಗ, ಆದರೆ ಆಸ್ಬೆಸ್ಟಾಸ್ ನಾರು ಕ್ಯಾನ್ಸರ್ ತರುತ್ತದೆ ಎಂದು ಗೊತ್ತಿದ್ದೂ ತಲೆಯ ಮೇಲೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

ಕೊನೆಗೆ ಉಳಿದದ್ದು ಅಲ್ಯೂಮಿನಿಯಂ-ಸತು ಲೇಪದ ಮೇಲೆ ಬಣ್ಣ ಹೊಡೆದ ತಗಡು, 0.5 ಮಿ.ಮೀ. ದಪ್ಪದ್ದು. ಎಂಟು ಅಡಿಗೆ ಒಂದು ಅಡಿಯ ಇಳಿಜಾರು ಅದಕ್ಕೆ ಸಾಕು. ಹೊರ ಅಂಚು 7 ಅಡಿಗೆ ನಿಂತಿತು. ಬಣ್ಣ ಹಾಲುಬಿಳಿ. ಹೆಂಚಿನಂತೆ ಕಾಣಲಿ ಎಂದು ಊರಿನಲ್ಲಿ ಎಲ್ಲರೂ ಕೆಂಪು ಹಾಕಿಸುತ್ತಾರೆ, ಅದು ಕಾಯುವುದು ಹೆಚ್ಚು. ಬಿಳಿಯದು ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪಾಗುತ್ತದೆ ನಿಜ. ಬಿಸಿಲು ಬಲಿಯುವ ಮೊದಲು ಒಮ್ಮೆ ತೊಳೆಯುತ್ತೇನೆ.

ಬರೀ ತಗಡಿನ ಕೆಳಗೂ ಸೆಕೆಯೇ. ಹಾಗಾಗಿ ಅರ್ಧ ಅಡಿ ಕೆಳಗೆ ಅಡಿಕೆ ದಬ್ಬೆಯ ಮುಚ್ಚಿಗೆ ಮಾಡಿಸಿದೆ. ಕಾದ ತಗಡಿನ ಝಳ ನೇರವಾಗಿ ತಲೆಗೆ ತಾಗುವುದಿಲ್ಲ. ನಡುವಿನ ಬಿಸಿಗಾಳಿ ಇಳಿಜಾರಿನ ಮೇಲ್ಮುಖವಾಗಿ ಹರಿದು ಮನೆಯ ಕಡೆಗೆ ಬರುತ್ತದೆ. ಅಲ್ಲಿ ತಗಡನ್ನು ಗೋಡೆಗೆ ತಾಗಿಸದೆ, ಹಳೆಯ ಸೂರಿನ ಕೆಳಗೆ ಒಂದೂವರೆ ಅಡಿ ತೂರಿಸಿ, ಮಧ್ಯೆ ಒಂದು ಗೇಣು ಸಂದು ಬಿಟ್ಟಿದ್ದೇವೆ. ವೆಲ್ಡಿಂಗ್ ಮಾಡುವ ಹುಡುಗ "ನೀರು ಒಳಗೆ ಬರುವುದಿಲ್ಲವೇ?" ಎಂದು ಕೇಳಿದ. ತಗಡಿನ ಮೇಲ್ತುದಿಯನ್ನು ಎರಡು ಇಂಚು ಮೇಲಕ್ಕೆ ಮಡಚಿಸಿದೆ. ಪುನರ್ವಸು ಮಳೆಯ ಜೋರಿನಲ್ಲೂ ಜಗಲಿಗೆ ನಾಲ್ಕು ಹನಿ ಸಿಡಿದದ್ದು ಬಿಟ್ಟರೆ ಏನೂ ಆಗಲಿಲ್ಲ. ದಬ್ಬೆಯಿಂದ ಇನ್ನೂ ಎರಡು ಲಾಭ. ತಗಡಿನ ಮೇಲೆ ಮಳೆ ಬಡಿಯುವ ಆರ್ಭಟ ತಗ್ಗಿತು. ಚಳಿಗಾಲದ ಬೆಳಗಿನಲ್ಲಿ ತಗಡಿನ ಅಡಿಯಲ್ಲಿ ಕೂಡುವ ಇಬ್ಬನಿ ಕುತ್ತಿಗೆಯ ಮೇಲೆ ತೊಟ್ಟಿಕ್ಕುವುದೂ ನಿಂತಿತು. ದಬ್ಬೆಗೆ ಬಿದ್ದ ಹನಿ ಗಾಳಿಗೆ ಆರುತ್ತದೆ. ಮರ ಕೊರೆಯುವ ಕುಟ್ಟೆ ಹುಳು ಹಿಡಿಯದಿರಲು ಬಲಿತ ಮರದ ದಬ್ಬೆ ಆರಿಸಿ, ಒಣಗಿಸಿ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿದಿದ್ದೇನೆ. ಕೈಗವಸು ಇಲ್ಲದೆ ಅದನ್ನು ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ.

ನೀರಿನ ಲೆಕ್ಕ ಮಾತ್ರ ಮೊದಲೇ ಮಾಡಿಕೊಳ್ಳಿ. ಹಳೆಯ ಮಾಡಿನ ನೀರೂ ಹೊಸದರ ಮೇಲೆಯೇ ಬೀಳುತ್ತದೆ. ನಮ್ಮಲ್ಲಿ ಎರಡೂ ಸೇರಿ ಸುಮಾರು 50 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಮಳೆ ಬಂದರೆ 5,000 ಲೀಟರ್. ಮಾಡಿನ ನೀರು ಹಿಡಿಯಲು ಅಂಗಡಿಯವರು ಕೊಟ್ಟ ನಾಲ್ಕಿಂಚಿನ ದೋಣಿ ಮೊದಲ ಜಡಿಮಳೆಗೇ ತುಂಬಿ ಹೊರಚೆಲ್ಲಿತು. ಈಗ ಆರಿಂಚಿನದು, ಎರಡು ಕಡೆ ಇಳಿಕೊಳವೆ. ಸುತ್ತಲೂ ಗೋಡೆಯಿಲ್ಲದ ಮಾಡನ್ನು ಗಾಳಿ ಕೆಳಗಿನಿಂದ ಎತ್ತುತ್ತದೆ, ಆದ್ದರಿಂದ ಅಂಚಿನ ಸಾಲುಗಳಲ್ಲಿ ಸ್ಕ್ರೂ ಒತ್ತೊತ್ತಾಗಿ ಹಾಕಿಸಿ. ಕಂಬದ ಬುಡ ಮಣ್ಣಿಗೆ ತಾಗದಂತೆ ಅರ್ಧ ಅಡಿ ಕಾಂಕ್ರೀಟ್ ಎಬ್ಬಿಸಿ.

ಯಾವ ಅಂಗಡಿಯವರೂ ಹೇಳದ ಸಂಗತಿಯೊಂದಿದೆ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ. ಅದರ ತಾಮ್ರ ಸತುವಿನ ಲೇಪವನ್ನು ತಿನ್ನುತ್ತದೆ. ತೋಟದ ಅಂಚಿನ ಮಾಡಿಗೆ ಗಾಳಿಯಲ್ಲಿ ತೇಲಿಬಂದ ಹನಿ ಬೀಳದೆ ಇರುವುದಿಲ್ಲ. ತಗಡು ಕೊಯ್ದ ಅಂಚು, ಸ್ಕ್ರೂ ಗೀರಿದ ಜಾಗ ಅದಕ್ಕೆ ಬಾಗಿಲು. ಅಂತಹ ಕಡೆಗೆಲ್ಲ ಬಣ್ಣ ಮುಟ್ಟಿಸಿದ್ದೇನೆ. ಔಷಧಿ ಹೊಡೆಸಿದ ದಿನ ಸಂಜೆ ಮಳೆ ಬಾರದಿದ್ದರೆ ಪೈಪು ಹಿಡಿದು ತೊಳೆಯುವುದು ನನ್ನದೇ ಕೆಲಸ.

ಹಳೆಯ ಪಾಲಿಕಾರ್ಬೊನೇಟ್ ಶೀಟುಗಳನ್ನು ಎಸೆಯಲಿಲ್ಲ. ಬಿರುಕು ಬಿಟ್ಟ ಅಂಚು ಕತ್ತರಿಸಿ ಮನೆ ಹಿಂದಿನ ಅಡಿಕೆ ಅಟ್ಟದ ಮೇಲೆ ಹೊದಿಸಿದ್ದೇನೆ. ಮೋಡದ ದಿನವೂ ಅದರಡಿ ಅಡಿಕೆ, ಕಾಳುಮೆಣಸು ಚೆನ್ನಾಗಿಯೇ ಒಣಗುತ್ತಿವೆ. ಅಮ್ಮನ ಕುರ್ಚಿ ಮುಂದಿನ ಅಂಗಳಕ್ಕೆ ವಾಪಸು ಬಂದಿದೆ.