ಬ್ಯಾಣ ಸವರಿ ಕಲಿತದ್ದು

ಸಾಗರ ತಾಲ್ಲೂಕಿನ ನಮ್ಮೂರಲ್ಲಿ ಅಡಿಕೆ ತೋಟದ ಮೇಲ್ಬದಿಗೆ ನಮ್ಮದೊಂದು ಎರಡೆಕರೆ ಬ್ಯಾಣ, ಅಂದರೆ ಹುಲ್ಲುಗಾವಲು, ಇದೆ. ಅಪ್ಪನ ಕಾಲದಲ್ಲಿ ದನ ಮೇಯುತ್ತಿದ್ದ ಜಾಗ. ಕೊಟ್ಟಿಗೆ ಖಾಲಿಯಾದ ಮೇಲೆ ಹತ್ತು ವರ್ಷ ಯಾರೂ ಆ ಕಡೆ ತಲೆ ಹಾಕಲಿಲ್ಲ. ನಾನು ಹತ್ತಿ ನೋಡುವ ಹೊತ್ತಿಗೆ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಆಳೆತ್ತರ ಬೆಳೆದಿತ್ತು. ಬೇಲಿಯುದ್ದಕ್ಕೂ ಲಂಟಾನ, ಎರಡರ ಮೇಲೂ ಹಬ್ಬಿದ ಬಳ್ಳಿ. ಹಳೆ ಕಾಲುದಾರಿ ಎಲ್ಲಿತ್ತು ಅನ್ನುವುದೇ ತಿಳಿಯಲಿಲ್ಲ.

ಮೊದಲ ವರ್ಷ ಮಾಡಿದ್ದು ಶುದ್ಧ ದಡ್ಡತನ. ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾದದ್ದು ಜನವರಿ ಕೊನೆಗೆ. ಬಾಡಿಗೆಗೆ ಕಳೆ ಕತ್ತರಿಸುವ ಮಿಷನ್ ತಂದು, ಇಬ್ಬರು ಆಳು ಹಿಡಿದು, ನಾಲ್ಕು ದಿನದಲ್ಲಿ ಎಲ್ಲ ಬಯಲು ಮಾಡಿಸಿದೆ. ಆಗ ಗಿಡದ ತುದಿಯ ಹೂವೆಲ್ಲ ಒಣಗಿ ಬೀಜವಾಗಿತ್ತು. ಬ್ಲೇಡು ತಾಗಿದಲ್ಲೆಲ್ಲ ಹತ್ತಿ ಹಿಂಜಿದ ಹಾಗೆ ಬಿಳಿ ತುಪ್ಪಳ ಹಾರಿ ಅಂಗಿಗೆ, ಹುಬ್ಬಿಗೆ ಅಂಟುತ್ತಿತ್ತು. ಕೆಲಸಕ್ಕೆ ಬಂದಿದ್ದ ಹಿರಿಯರು ಕತ್ತಿ ಕೆಳಗಿಟ್ಟು, "ಅಯ್ಯಾ, ಇದು ಸವರೋದಲ್ಲ, ಬಿತ್ತನೆ" ಅಂತ ನಕ್ಕರು. ಜೂನ್ ಮಳೆ ಬಿದ್ದು ಮೂರು ವಾರಕ್ಕೆ ಅವರ ಮಾತು ನಿಜವಾಯಿತು. ಇಡೀ ಬ್ಯಾಣ ಅಗೆ ಹಾಕಿದ ಗದ್ದೆಯಂತೆ ಹಸಿರು. ಹಳೆ ಬುಡಗಳೂ ಸುಮ್ಮನಿರಲಿಲ್ಲ, ಒಂದೊಂದರಲ್ಲೂ ಐದಾರು ಚಿಗುರು.

ಆಮೇಲೆ ತಿಂಗಳು ಬದಲಿಸಿದೆ. ಈಗ ವರ್ಷಕ್ಕೆ ಮೂರು ಸಲ ಸವರುತ್ತೇನೆ: ಜೂನ್ ಕೊನೆಗೆ ಚಿಗುರು ಮೊಣಕಾಲುದ್ದ ಬಂದಾಗ, ಆಗಸ್ಟಿನಲ್ಲಿ ಮಳೆ ಸ್ವಲ್ಪ ಹೊಳವಾದಾಗ, ಮತ್ತೆ ಅಕ್ಟೋಬರಿನಲ್ಲಿ, ಮೊಗ್ಗು ಕಟ್ಟುವ ಮೊದಲು. ಮೂರರಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದರೆ ನಾನು ಅಕ್ಟೋಬರಿನದನ್ನೇ ಆರಿಸಿಕೊಳ್ಳುತ್ತೇನೆ. ಬೀಜವಾಗದ ಸೊಪ್ಪನ್ನು ಧೈರ್ಯವಾಗಿ ಅಡಿಕೆ ಬುಡಕ್ಕೂ ಹಾಕಬಹುದು, ಬೇಗ ಕರಗುತ್ತದೆ. ಬೆಂಕಿ ಕೊಡುವ ಮಾತೇ ಇಲ್ಲ.

ಅಕ್ಟೋಬರಿಗೆ ಅಂಟಿಕೊಳ್ಳಲು ಇನ್ನೊಂದು ಕಾರಣ ಉಣುಗು, ಮಂಗನ ಕಾಯಿಲೆ ಅನ್ನುವ ಮಾರಕ ಜ್ವರ ಹರಡುವ, ರಕ್ತ ಹೀರುವ ಸಣ್ಣ ಹುಳ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನ ಜನ ಆ ಕಾಯಿಲೆಯಿಂದ ಅನುಭವಿಸಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಮಳೆ ಹೋಗಿ ಬಿಸಿಲು ಬಲಿತ ಮೇಲೆ ಎಳ್ಳಿಗಿಂತ ಸಣ್ಣ ಮರಿ ಉಣುಗು ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ ಕಾದಿರುತ್ತದೆ. ಜನವರಿಯಲ್ಲಿ ಲುಂಗಿ ಎತ್ತಿ ಕಟ್ಟಿ ಆ ಪೊದೆಯಲ್ಲಿ ನಾಲ್ಕು ದಿನ ನಿಂತಿದ್ದು ನೆನಪಾದರೆ ಈಗಲೂ ಮೈ ಜುಂ ಅನ್ನುತ್ತದೆ. ಈಗ ಬೇಸಿಗೆಯಲ್ಲಿ ಅನಿವಾರ್ಯವಾಗಿ ಹೋದರೆ ಉದ್ದ ಪ್ಯಾಂಟು, ಗಂಬೂಟು, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಕೇಂದ್ರದವರು ಕೊಡುವ ಡೆಪಾ ಎಣ್ಣೆ. ಬಂದವನೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ.

ಮಿಷನ್ ಈಗ ಸ್ವಂತದ್ದು, ಟೂ ಸ್ಟ್ರೋಕ್. ನನ್ನದಕ್ಕೆ ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್. ಕೆಲವಕ್ಕೆ 20 ಸಾಕು, ಜೊತೆಗೆ ಬಂದ ಪುಸ್ತಕ ನೋಡಿ. ಮಿಕ್ಕಿದ ಪೆಟ್ರೋಲ್ ಟ್ಯಾಂಕಿನಲ್ಲೇ ಬಿಟ್ಟು ಎರಡು ತಿಂಗಳು ಮಲಗಿಸಿದರೆ ಕಾರ್ಬುರೇಟರ್ ಕೈಕೊಡುತ್ತದೆ. ಎಳೆ ಹುಲ್ಲಿಗೆ ನೈಲಾನ್ ದಾರ, ಬಲಿತ ಗಿಡಕ್ಕೆ ಮೂರು ಹಲ್ಲಿನ ಬ್ಲೇಡು.

ಬೀಸುವುದರಲ್ಲೇ ಒಂದು ವಿದ್ಯೆ ಇದೆ. ಬ್ಲೇಡು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬರುವಾಗ ಕತ್ತರಿಸಬೇಕು, ವಾಪಸ್ ಹೋಗುವಾಗ ಖಾಲಿ ಹೋಗಬೇಕು. ಕಡಿದದ್ದು ಎಡಕ್ಕೆ ಬೀಳುತ್ತದೆ. ಇಳಿಜಾರಿನಲ್ಲಿ ನಾನು ಕೆಳಗಿನಿಂದ ಶುರುಮಾಡಿ, ತಗ್ಗು ಎಡಗೈ ಬದಿಗೆ ಇರುವಂತೆ ಅಡ್ಡಡ್ಡ ನಡೆಯುತ್ತೇನೆ. ಕಡಿದ ಸೊಪ್ಪು ಆಗಲೇ ಸವರಿದ ಜಾಗಕ್ಕೆ ಉರುಳುತ್ತದೆ, ಕಾಲಿಗೆ ತೊಡರುವುದಿಲ್ಲ. ಬ್ಲೇಡಿನ ಮುಂದಿನ ಬಲಮೂಲೆ ಮಾತ್ರ ಕಲ್ಲಿಗೋ ಗಟ್ಟಿ ಕೂಳೆಗೋ ತಾಗಬಾರದು. ಒಮ್ಮೆ ತಾಗಿ ಮಿಷನ್ ನನ್ನನ್ನೇ ಬಲಕ್ಕೆ ಎಳೆದು ಕೆಡವಿತು. ಹಾರಿದ ಬೆಣಚುಕಲ್ಲು ಕಣ್ಣಿನ ಕನ್ನಡಕಕ್ಕೆ ಬಡಿದು ಗೀರು ಬಿತ್ತು. ಆ ಕನ್ನಡಕವನ್ನು ಇವತ್ತಿಗೂ ಬಿಸಾಡಿಲ್ಲ, ಮಿಷನ್ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಹತ್ತಿರ ಯಾರನ್ನೂ ಬಿಡುವುದಿಲ್ಲ, ಚಹಾ ತಂದ ಹೆಂಡತಿಯೂ ಹದಿನೈದು ಮೀಟರ್ ದೂರ ನಿಂತು ಕೂಗಬೇಕು.

ಲಂಟಾನಕ್ಕೆ ಮಾತ್ರ ಮಿಷನ್ ನಡೆಯುವುದಿಲ್ಲ. ಮೇಲೆ ಕಡಿದಷ್ಟೂ ಪೊದೆ ದಟ್ಟವಾಗುತ್ತದೆ. ಪಿಕಾಸಿಯಿಂದ ಬುಡದ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಎರಡು ಬೆರಳು ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ಬೇರು ಮೇಲಾಗಿ ಮಗುಚಿ ಹಾಕುತ್ತೇನೆ. ದಿನಕ್ಕೆ ಹದಿನೈದು ಬುಡವಾದರೆ ದೊಡ್ಡದು. ಬೆನ್ನು ಕೇಳುವುದಿಲ್ಲ.

ಸವರುವ ಮೊದಲು ಬ್ಯಾಣದಲ್ಲೆಲ್ಲ ಒಂದು ಸುತ್ತು ಹಾಕಿ ನೇರಳೆ, ಮತ್ತಿ, ಹೊನ್ನೆ ಸಸಿಗಳ ಪಕ್ಕ ಗೂಟ ಹುಗಿದು ಕೆಂಪು ಬಟ್ಟೆ ಕಟ್ಟುತ್ತೇನೆ. ಮೊದಲ ವರ್ಷ ಎದೆಯುದ್ದದ ಮುರುಗಲು ಸಸಿಯೊಂದನ್ನು ಕಳೆ ಜೊತೆ ಉರುಳಿಸಿದ್ದೆ, ಅದರ ಬೇಸರ ಹೋಗಿಲ್ಲ.

ಇದು ಮೂರನೇ ವರ್ಷ. ಕಾಲುದಾರಿ ಸಿಕ್ಕಿದೆ, ಮಧ್ಯದ ಅರ್ಧ ಎಕರೆಯಲ್ಲಿ ಹಳೆ ಕರಡದ ಹುಲ್ಲು ತಾನಾಗಿ ಎದ್ದಿದೆ. ಪಕ್ಕದ ಮನೆಯವರು ಎಮ್ಮೆ ಬಿಡಲಾ ಅಂತ ಕೇಳಿದರು. ಲಂಟಾನ ತಿಂದರೆ ದನಕ್ಕೆ ವಿಷ. ಬೇಲಿ ಬದಿಯಲ್ಲಿ ಇನ್ನೂ ನಲವತ್ತು ಬುಡ ಉಳಿದಿವೆ, ಅದು ಕಿತ್ತ ಮೇಲೆ ಬಿಡಿ ಅಂದಿದ್ದೇನೆ.